ಏಳನೆಯ ಮೊಲ

ಅವರು ಎಲುಬು ಕೊಯ್ಯಲು ಕುಳಿತರೆ ಕೋಣೆಯ ಫ್ಯಾನು ನಿಲ್ಲಿಸಬೇಕಿತ್ತು. ಹೈದರಾಬಾದಿನ ಏಪ್ರಿಲ್ ಸೆಕೆಯಲ್ಲೂ ಅದಕ್ಕೆ ವಿನಾಯಿತಿ ಇರಲಿಲ್ಲ. ಮೇಣದಲ್ಲಿ ಹುದುಗಿಸಿದ ಎಲುಬಿನ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಬಲಗೈಯಿಂದ ಚಕ್ರ ತಿರುಗಿಸುತ್ತಿದ್ದರು. ಒಂದೊಂದು ಸುತ್ತಿಗೂ ಬ್ಲೇಡಿನ ಅಂಚಿನಿಂದ ಈರುಳ್ಳಿಯ ಒಳಪೊರೆಗಿಂತ ತೆಳುವಾದ ಪದರವೊಂದು ಇಳಿದು, ಹಿಂದಿನದಕ್ಕೆ ಅಂಟಿಕೊಂಡು, ರಿಬ್ಬನ್ನಿನಂತೆ ಉದ್ದವಾಗುತ್ತಿತ್ತು. ಪಕ್ಕದಲ್ಲಿ ಯಾರಾದರೂ ಜೋರಾಗಿ ಉಸಿರು ಬಿಟ್ಟರೂ ಅದು ಹಾರಿ ಹಾಳಾಗುತ್ತಿತ್ತು. "ಜರಾ ಉಸಿರು ಹಿಡೀರಿ" ಎನ್ನುತ್ತಿದ್ದರು ಅವರು, ತಲೆ ಎತ್ತದೆ. ನಾವು ಹಿಡಿಯುತ್ತಿದ್ದೆವು.

ನಗರದ ಒಂದು ದಂತ ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಅವರು ಟೆಕ್ನಿಷಿಯನ್ ಆಗಿದ್ದರು. ನಾನು ಅಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಮನುಷ್ಯರದ್ದೋ ಪ್ರಾಣಿಯದ್ದೋ ದೇಹದ ತುಂಡು ಬಂದರೆ ಅದನ್ನು ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಸ್ಲೈಡಿನ ಮೇಲೆ ಕೂರಿಸಿ, ಸೂಕ್ಷ್ಮದರ್ಶಕದಡಿ ನೋಡಲು ನಮ್ಮ ಕೈಗೆ ಕೊಡುವುದು ಅವರ ಕೆಲಸ. ತೆಲುಗಿನವರು, ಉರ್ದುವಿನವರು, ನಾನು, ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಹೆಸರು ಬರೆಯುವುದಿಲ್ಲ. ಈಗ ಅವರಿಲ್ಲ, ಕೇಳಿ ಬರೆಯುವಂತಿಲ್ಲ.

ಬೀದರ ಕಡೆಯ ಹಳ್ಳಿಯವರು. ಹೆಂಡತಿ ರೈಲ್ವೆಯಲ್ಲಿ ಗುಮಾಸ್ತೆಯಾಗಿದ್ದರಿಂದ ಮಲ್ಕಾಜ್‌ಗಿರಿಯಲ್ಲಿ ಮನೆ. ಮೊದಲ ಎರಡು ತಿಂಗಳು ನನ್ನನ್ನು "ಮೇಡಂ, ಬರ್ರಿ, ಕುಂಡ್ರಿ" ಎಂದೇ ಮಾತಾಡಿಸಿದರು. ಒಂದು ಮಧ್ಯಾಹ್ನ ನನ್ನ ಡಬ್ಬಿಯೊಳಗೆ ಇಣುಕಿ, "ಪುಂಡಿಪಲ್ಯೆ ಏನ್ರಿ ಅದು?" ಎಂದು ಕೇಳಿದರು. ಇಲ್ಲಿ ಎಲ್ಲರೂ ಗೋಂಗೂರ ಎನ್ನುವ ಸೊಪ್ಪಿಗೆ ನಮ್ಮೂರ ಹೆಸರು ಕೇಳಿ ನನಗೆ ನಗು ಬಂತು. ನಾನು ಧಾರವಾಡದ ಕಡೆಯವಳೆಂದು ಗೊತ್ತಾದದ್ದೇ ತಡ, ಅಂದಿನಿಂದ ನಾನು "ತಂಗಿ" ಆದೆ, ಮಾತು ಏಕವಚನಕ್ಕೆ ಇಳಿಯಿತು. ಆದರೆ ಸಿಟ್ಟು ಬಂದಾಗ ಅವರು ಬಹುವಚನಕ್ಕೆ ಏರುತ್ತಿದ್ದರು. ದನಿ ಏರಿಸುತ್ತಿರಲಿಲ್ಲ, ಬೈಯುತ್ತಿರಲಿಲ್ಲ. "ನೀವ ನೋಡ್ರಿ" ಎಂದರೆ ಸಾಕು, ನನ್ನಿಂದ ಏನೋ ದೊಡ್ಡ ತಪ್ಪಾಗಿದೆ ಎಂದು ಅರ್ಥ.

ಓದಿದ್ದು ಹತ್ತನೆಯ ತರಗತಿ, ಮೇಲೊಂದು ಡಿಪ್ಲೊಮಾ. ಆದರೆ ಭಾನುವಾರ ಕೋಠಿಗೆ ಹೋಗಿ ಫುಟ್‌ಪಾತಿನ ಹಳೇ ಪುಸ್ತಕಗಳ ರಾಶಿಯಲ್ಲಿ ರೋಗಶಾಸ್ತ್ರದ ದಪ್ಪ ದಪ್ಪ ಚಿತ್ರಪುಸ್ತಕಗಳನ್ನು ಹುಡುಕಿ ತರುತ್ತಿದ್ದರು. ಇಂಗ್ಲಿಷಿನ ವಿವರಣೆ ಓದುತ್ತಿರಲಿಲ್ಲ, ಚಿತ್ರ ನೋಡುತ್ತಿದ್ದರು. ನಲವತ್ತು ವರ್ಷ ಹಾಗೆ ನೋಡಿ ನೋಡಿ, ಯಾವ ಕೋಶ ಎಲ್ಲಿರಬೇಕು, ಎಲ್ಲಿರಬಾರದು ಎಂಬುದು ಅವರ ಕಣ್ಣಿಗೆ ಹತ್ತಿಬಿಟ್ಟಿತ್ತು. ಸ್ಲೈಡು ಕೊಡುವಾಗ ಕೆಲವೊಮ್ಮೆ "ಎಡಕ್ಕ ಒಂದ ಕಡೆ ಸರಿ ಇಲ್ಲ ನೋಡು" ಎಂದಷ್ಟೇ ಹೇಳುತ್ತಿದ್ದರು. ರೋಗದ ಹೆಸರು ಹೇಳುತ್ತಿರಲಿಲ್ಲ. ಹೆಸರು ಹಾಕುವುದು ಡಾಕ್ಟರರ ಕೆಲಸ ಎಂದು ಅವರ ಲೆಕ್ಕ.

ಇನ್ನೊಂದು ಅಭ್ಯಾಸವಿತ್ತು. ಪ್ರತಿ ಸ್ಲೈಡಿನ ಮೂಲೆಯಲ್ಲಿ ವಜ್ರದ ಮೊನೆಯ ಪೆನ್ನಿನಿಂದ ಸಂಖ್ಯೆ ಗೀರುತ್ತಿದ್ದರು, ಕನ್ನಡ ಅಂಕಿಯಲ್ಲಿ. "ಕೈ ಹಂಗ ಹೊಳ್ಳತೈತಿ, ಏನ್ ಮಾಡ್ಲಿ" ಎನ್ನುತ್ತಿದ್ದರು. ಒಮ್ಮೆಯೂ ಸ್ಲೈಡು ಅದಲುಬದಲಾದದ್ದಿಲ್ಲ. ಅವರು ಬಾಯಿಬಿಟ್ಟು ಹೆಮ್ಮೆಪಡುತ್ತಿದ್ದುದು ಅದೊಂದಕ್ಕೇ.

ನಮ್ಮ ಸಂಶೋಧನೆ ಹಲ್ಲಿನ ತಿರುಳಿನ ಮೇಲೆ. ಹಲ್ಲಿನ ನಡುವೆ ನರ, ರಕ್ತನಾಳಗಳಿರುವ ಮೆತ್ತನೆಯ ಭಾಗವಿದೆಯಲ್ಲ, ಅದರಲ್ಲಿ ಕೆಲವು ಕಾಂಡಕೋಶಗಳಿರುತ್ತವೆ. ಇನ್ನೂ ಏನೂ ಆಗಿರದ, ಆದರೆ ಮುಂದೆ ಎಲುಬೋ ಹಲ್ಲಿನ ಗಟ್ಟಿಭಾಗವೋ ಆಗಬಲ್ಲ ಕೋಶಗಳು. ಅವನ್ನು ಬೇರ್ಪಡಿಸಿ, ಬೆಳೆಸಿ, ಸ್ಪಂಜಿನಂಥ ಚೂರಿನ ಮೇಲೆ ಕೂರಿಸಿ, ದವಡೆಯಲ್ಲಿ ಎಲುಬು ಕಳೆದುಹೋದ ಜಾಗದಲ್ಲಿ ಇಟ್ಟರೆ ಅಲ್ಲಿ ಹೊಸ ಎಲುಬು ಹುಟ್ಟಬೇಕು. ನಮ್ಮ ವಿಭಾಗದ ಮುಖ್ಯಸ್ಥೆ ಇದನ್ನು ಮನಸಾರೆ ನಂಬಿದ್ದರು. ಗೆಡ್ಡೆ ತೆಗೆದು ಅರ್ಧ ದವಡೆ ಕುಸಿದವರನ್ನು ವರ್ಷಾನುಗಟ್ಟಲೆ ನೋಡಿದ ವೈದ್ಯೆ ಅವರು. ಆ ನಂಬಿಕೆಯಲ್ಲಿ ಕಪಟವಿರಲಿಲ್ಲ. ಅದನ್ನು ಇಲ್ಲಿ ಹೇಳಲೇಬೇಕು.

ಮೊದಲು ಮೊಲಗಳ ಮೇಲೆ ಪರೀಕ್ಷೆ. ಹನ್ನೆರಡು ಮೊಲ. ಪ್ರತಿಯೊಂದರ ಕೆಳದವಡೆಯಲ್ಲಿ ಸಣ್ಣ ತೂತು ಕೊರೆದು, ಕೆಲವಕ್ಕೆ ಅವುಗಳದ್ದೇ ಹಲ್ಲಿನ ತಿರುಳಿನಿಂದ ಬೆಳೆಸಿದ ಕೋಶ ತುಂಬಿದೆವು. ಉಳಿದವಕ್ಕೆ ಏನನ್ನೂ ತುಂಬಲಿಲ್ಲ, ಹೋಲಿಕೆಗೆಂದು ಹಾಗೇ ಬಿಟ್ಟೆವು. ಕೊನೆಗೆ ದವಡೆಗಳು ಕಾಕಾ ಕೈಗೆ ಹೋಗಬೇಕು. ಎಲುಬನ್ನು ಹಾಗೇ ಕೊಯ್ಯಲು ಬರುವುದಿಲ್ಲ, ವಾರಗಟ್ಟಲೆ ದ್ರಾವಣದಲ್ಲಿ ನೆನೆಸಿ ಮೆತ್ತಗಾಗಿಸಬೇಕು. ನಾನು ದಿನಾ ಹೋಗಿ ಕೇಳುತ್ತಿದ್ದೆ. ಅವರು ಸೂಜಿಯಿಂದ ತುಂಡಿನ ಅಂಚನ್ನು ಚುಚ್ಚಿ ನೋಡಿ, "ಎಲುಬು ಇನ್ನೂ ಒಪ್ಪಿಲ್ಲ ತಂಗಿ, ಏನ್ ಗಡಬಡಿ ಐತಿ ನಿಂದು?" ಎಂದು ನನ್ನನ್ನು ಸಾಗಹಾಕುತ್ತಿದ್ದರು.

ಏಳನೆಯ ಮೊಲಕ್ಕೆ ಕೋಶ ತುಂಬಿದ್ದೆವು. ಐದನೆಯ ವಾರ ಅದು ಗಜ್ಜರಿ ತಿನ್ನುವುದನ್ನು ಬಿಟ್ಟಿತು. ಆಮೇಲೆ ಸೊಪ್ಪು. ಮೂತಿಯನ್ನು ಸೊಪ್ಪಿಗೆ ಒತ್ತಿಕೊಂಡು ಕೂರುತ್ತಿತ್ತು, ಬಾಯಿ ತೆರೆಯುತ್ತಿರಲಿಲ್ಲ. ಹಸಿವಿಲ್ಲ ಎಂದುಕೊಂಡೆ. ಕಾಕಾ ಒಂದು ದಿನ ತಾವಾಗಿಯೇ ಪ್ರಾಣಿಗಳ ಕೋಣೆಗೆ ಬಂದರು. ಅವರು ಅಲ್ಲಿಗೆ ಬರುವವರಲ್ಲ. ಪಂಜರದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬಹಳ ಹೊತ್ತು ನೋಡಿದರು.

"ಹಸಿವಿ ಐತಿ ಅದಕ್ಕ" ಎಂದರು. "ತಿನ್ನಾಕ ಆಗವಲ್ದು."

ಮೂರು ದಿನದ ಮೇಲೆ ಬೆಳಿಗ್ಗೆ ಹೋದಾಗ ಅದು ಸತ್ತಿತ್ತು. ದವಡೆ ಬಿಗಿದುಕೊಂಡಿತ್ತು, ಬೆರಳಿನಿಂದ ಬಿಡಿಸಲು ನೋಡಿದೆ, ಬಿಡಲಿಲ್ಲ.

ಅದರ ಸ್ಲೈಡು ತಯಾರಾದ ದಿನ ಕಾಕಾ ನನ್ನನ್ನು ಕರೆಕಳಿಸಿದರು. ಸೂಕ್ಷ್ಮದರ್ಶಕ ಮೊದಲೇ ಹೊಂದಿಸಿಟ್ಟಿದ್ದರು. ನಾನು ಕಣ್ಣಿಟ್ಟೆ. ನಾವು ಕೊರೆದ ತೂತು ಚೆನ್ನಾಗಿ ತುಂಬಿತ್ತು, ಹೊಸ ಎಲುಬು ಗುಲಾಬಿ ಬಣ್ಣದಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ನನಗೆ ಖುಷಿಯಾಯಿತು.

"ಸರಸು" ಎಂದರು. ಸ್ಲೈಡನ್ನು ನಾನು ಪಕ್ಕಕ್ಕೆ ಸರಿಸಿದೆ. "ಇನ್ನೂ ಸರಸು."

ಎಲುಬು ಮುಗಿಯಲಿಲ್ಲ. ತೂತು ದಾಟಿ, ದವಡೆಯ ಅಂಚು ದಾಟಿ, ಅಗಿಯುವ ಸ್ನಾಯುವಿನ ಎಳೆಗಳ ನಡುವೆ ನುಗ್ಗಿತ್ತು. ಎಳೆಯೂ ಎಲುಬೂ ಹೆಣೆದುಕೊಂಡಿದ್ದವು. ಅಂಚಿನಲ್ಲಿ ಕೋಶಗಳು ಇನ್ನೂ ಸಾಲುಗಟ್ಟಿದ್ದವು, ಮೊಲ ಸಾಯುವ ಗಳಿಗೆಯವರೆಗೂ ಅವು ಎಲುಬು ಕಟ್ಟುತ್ತಲೇ ಇದ್ದವು.

"ನಿಲ್ಲೂದು ಗೊತ್ತಾಗಿಲ್ಲ ಅದಕ್ಕ" ಎಂದರು ಕಾಕಾ. ಅವರ ದನಿ ತೀರಾ ಸಣ್ಣಗಿತ್ತು.

ಮುಖ್ಯಸ್ಥೆ ಸ್ಲೈಡು ನೋಡಿದರು. ಹನ್ನೆರಡರಲ್ಲಿ ಒಂದು, ಶಸ್ತ್ರಕ್ರಿಯೆಯಲ್ಲಿ ಸ್ನಾಯುವಿಗೆ ಪೆಟ್ಟಾಗಿರಬೇಕು, ಅವಧಿ ಮುಗಿಯುವ ಮೊದಲೇ ಸತ್ತ ಪ್ರಾಣಿಯನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ ಎಂದರು. ಶಸ್ತ್ರಕ್ರಿಯೆ ಮಾಡಿದವಳು ನಾನೇ. ಸ್ನಾಯುವಿಗೆ ಪೆಟ್ಟು ಬಿದ್ದಿರಲಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಹೌದೆಂದೆ. ಉಳಿದ ಹನ್ನೊಂದರ ಫಲಿತಾಂಶ ಅಷ್ಟು ಚೆಂದವಾಗಿತ್ತು.

ನಾನು ವರದಿ ಬರೆಯುತ್ತಿದ್ದ ದಿನಗಳಲ್ಲಿ ಕಾಕಾ ಎರಡು ಸಲ ನನ್ನ ಮೇಜಿನ ಹತ್ತಿರ ಬಂದರು. ಮೊದಲ ಸಲ, "ಹನ್ನೊಂದು ಬರದು ಒಂದು ಬಿಡಬ್ಯಾಡ ತಂಗಿ. ಅದನ್ನೂ ಬರಿ. ಯಾಕಾತು ಗೊತ್ತಿಲ್ಲ ಅಂತ ಬರಿ, ಸಾಕು" ಎಂದರು. ನೋಡೋಣ ಎಂದೆ. ಎರಡನೆಯ ಸಲ ಬಂದಾಗ ವರದಿ ಹೋಗಿಯಾಗಿತ್ತು. "ಬರದ್ರೇನು?" ಎಂದು ಕೇಳಿದರು. ಆ ಬಹುವಚನ ಕಿವಿಗೆ ಬಿತ್ತು. ನಾನು ತಲೆ ಎತ್ತಲಿಲ್ಲ. ಅವರು ಹೊರಟುಹೋದರು.

ಮುಂದಿನ ವರ್ಷ ಮನುಷ್ಯರ ಮೇಲಿನ ಪ್ರಯೋಗಕ್ಕೆ ಅನುಮತಿ ಬಂತು. ಐದು ಜನ. ಇಬ್ಬರಿಗೆ ಆಗಿ, ಮೂರನೆಯವಳಾಗಿ ಬಂದವಳು ಸುವರ್ಣಾ. ನಾಚಾರಂನ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸ. ಮೂವತ್ತರ ಆಸುಪಾಸು. ದವಡೆಯಲ್ಲಿ ನೀರುಗುಳ್ಳೆಯಾಗಿ, ಅದನ್ನು ತೆಗೆದ ಮೇಲೆ ಎಲುಬಿನಲ್ಲಿ ದೊಡ್ಡ ಗುಳಿ ಉಳಿದಿತ್ತು. ಹುಮನಾಬಾದಿನ ಕಡೆಯಿಂದ ಮದುವೆಯಾಗಿ ಬಂದವಳು, ತೆಲುಗು ಮಾತಾಡುತ್ತಿದ್ದಳು, ಓದಲು ಬರುತ್ತಿರಲಿಲ್ಲ. ಒಪ್ಪಿಗೆಯ ಕಾಗದ ಇದ್ದದ್ದು ತೆಲುಗು, ಇಂಗ್ಲಿಷಿನಲ್ಲಿ. ಆದ್ದರಿಂದ ಅದನ್ನು ಅವಳಿಗೆ ಕನ್ನಡದಲ್ಲಿ ಹೇಳುವ ಕೆಲಸ ನನಗೆ ಬಂತು. ಹೇಳಿದ್ದನ್ನು ಕೇಳಿ ರುಜು ಹಾಕಲು ಭಾಷೆ ಬಲ್ಲ ಸಾಕ್ಷಿಯೊಬ್ಬರು ಬೇಕು. ಮುಖ್ಯಸ್ಥೆ ಕಾಕಾರನ್ನು ಕರೆಸಿದರು.

ಅವರು ಒದ್ದೆ ಕೈಯನ್ನು ಕೋಟಿಗೆ ಒರೆಸಿಕೊಳ್ಳುತ್ತ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತರು. ನಾನು ಒಂದೊಂದೇ ಸಾಲು ಓದಿ ಹೇಳಿದೆ.

"ನನ್ನ ಹಲ್ಲಿನಾಗಿಂದಾನ ತೆಗದು ನನಗ ಹಾಕ್ತೀರೇನ್ರಿ?" ಎಂದಳು ಸುವರ್ಣಾ.

"ಹೌದು. ಹೊರಗಿಂದು ಏನೂ ಇಲ್ಲ. ನಿಮ್ಮದ ಜೀವಕೋಶ."

"ಮೊದಲ ಯಾರಿಗರ ಮಾಡೀರೇನ್ರಿ, ಅಕ್ಕಾರ?"

"ಇಬ್ಬರಿಗೆ ಮಾಡೇವಿ. ಆರಾಮ ಇದ್ದಾರ. ಅದಕ್ಕೂ ಮೊದಲ ಮೊಲದ ಮ್ಯಾಲ ಮಾಡಿ ನೋಡೇವಿ."

ಅವಳು ನಕ್ಕಳು. "ಮೊಲಕ್ಕ ಏನೂ ಆಗಲಿಲ್ಲಲ್ರಿ?"

ಕಾಕಾ ನನ್ನ ಮುಖ ನೋಡಿದರು. ಅವರ ಕೈಯಲ್ಲಿ ಪೆನ್ನಿತ್ತು, ಕಾಗದ ಮುಂದಿತ್ತು. ಅವರು ಕಾಯುತ್ತಿದ್ದಾರೆಂದು ನನಗೆ ತಿಳಿಯಿತು. ಬೇಕೆಂದರೆ ಒಂದೇ ವಾಕ್ಯದಲ್ಲಿ ಮುಗಿಯುವ ಮಾತು.

"ಏನೂ ಆಗಿಲ್ಲ" ಎಂದೆ.

ಕಾಕಾ ಪೆನ್ನನ್ನು ಮೇಜಿನ ಮೇಲೆ ಇಟ್ಟರು. "ನಾ ಇದಕ್ಕ ಸಾಕ್ಷಿ ಅಲ್ಲರಿ" ಎಂದು ನನಗೆ ಹೇಳಿ ಎದ್ದು ಹೋದರು.

"ಯಾಕ್ರಿ, ಸಿಟ್ಟಾದ್ರೇನು ಅವರು?" ಎಂದಳು ಸುವರ್ಣಾ.

"ಅವರಿಗೆ ಕೆಲಸ ಭಾಳ ಇರತಾವ" ಎಂದೆ. ಬಳ್ಳಾರಿ ಕಡೆಯ ನರ್ಸೊಬ್ಬಳನ್ನು ಕರೆದು ರುಜು ಹಾಕಿಸಿದೆವು.

ಮೂರು ತಿಂಗಳು ಎಲ್ಲ ಸರಿಯಿತ್ತು. ಎಕ್ಸ್‌ರೇಯಲ್ಲಿ ಗುಳಿ ತುಂಬುತ್ತ ಬಂದದ್ದು ಕಂಡು ಮುಖ್ಯಸ್ಥೆ ಅದನ್ನು ತಮ್ಮ ಕೋಣೆಯ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಬಂದವರಿಗೆಲ್ಲ ತೋರಿಸಿದರು. ನಾಲ್ಕನೆಯ ತಿಂಗಳು ತಪಾಸಣೆಗೆ ಬಂದಾಗ ಬಾಯಿ ತೆರೆಯಲು ಹೇಳಿದೆ. ಬಾಯಿ ಎಷ್ಟು ತೆರೆಯುತ್ತದೆಂದು ನೋಡಲು ರೋಗಿಯ ಬೆರಳುಗಳನ್ನೇ ಒಂದರ ಮೇಲೊಂದು ನಿಲ್ಲಿಸಿ ಹಲ್ಲುಗಳ ನಡುವೆ ತೂರಿಸುವುದು ರೂಢಿ. ಮೂರು ಬೆರಳು ಹಿಡಿಸಿದರೆ ಸರಿ. ಅವಳಿಗೆ ಮೂರನೆಯದು ಪೂರ್ತಿ ಹೋಗಲಿಲ್ಲ.

"ಪಾನಿಪೂರಿ ಬಂದ್ ಆಗೇತ್ರಿ ನಂದು" ಎಂದು ನಕ್ಕಳು. "ಒಡದು ಒಡದು ತಿನ್ನಾಕತ್ತೀನಿ."

ಶಸ್ತ್ರಕ್ರಿಯೆಯಾದ ಮೇಲೆ ಬಿಗಿತ ಸಹಜ, ವ್ಯಾಯಾಮ ಮಾಡಿ ಎಂದು ಕಳಿಸಿದೆವು. ಮುಂದಿನ ತಿಂಗಳು ಎರಡು ಬೆರಳು. ಅದರ ಮುಂದಿನ ತಿಂಗಳು ಎರಡನೆಯದನ್ನು ಒತ್ತಿ ತೂರಿಸಬೇಕಾಯಿತು. ಅವಳು ಬಂದ ದಿನಗಳಲ್ಲೆಲ್ಲ ಕಾಕಾ ತಮ್ಮ ಕೋಣೆಯಿಂದ ಇಳಿದು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಅವಳು ಹೋದ ಮೇಲೆ ನನ್ನನ್ನು, "ಎಷ್ಟು ಬೆರಳು?" ಎಂದು ಕೇಳುತ್ತಿದ್ದರು. ನಾನು ಹೇಳುತ್ತಿದ್ದೆ. ಕೇಳಿ ಮೆಟ್ಟಿಲೇರುತ್ತಿದ್ದರು. ಆ ದಿನಗಳಲ್ಲಿ ಊಟಕ್ಕೆ ಕುಳಿತರೆ ನನಗೆ ನನ್ನದೇ ದವಡೆಯ ಸಪ್ಪಳ ಕೇಳುತ್ತಿತ್ತು.

ಏಳನೆಯ ತಿಂಗಳಿಗೆ ಒಂದು ಬೆರಳು. ಅವಳು ಗಂಜಿಗೆ ಇಳಿದಿದ್ದಳು. ಹಲ್ಲುಗಳ ನಡುವಿನಿಂದಲೇ ಮಾತಾಡುತ್ತಿದ್ದಳು, ನಗುವುದನ್ನು ಬಿಟ್ಟಿದ್ದಳು. ಸ್ಕ್ಯಾನ್ ಮಾಡಿದಾಗ ಕೆನ್ನೆಯ ಸ್ನಾಯುವಿನೊಳಗೆ ಬೆಳ್ಳಗೆ ಎಲುಬು ಕಂಡಿತು. ಮತ್ತೆ ಶಸ್ತ್ರಕ್ರಿಯೆ ಮಾಡಿ ಅದನ್ನು ಕೆತ್ತಿ ತೆಗೆದರು. ತೆಗೆದ ತುಂಡು ಡಬ್ಬಿಯಲ್ಲಿ ಕಾಕಾ ಮೇಜಿಗೆ ಹೋಯಿತು.

ಈ ಸಲ ಅವರು ನನ್ನನ್ನು ಕರೆಕಳಿಸಲಿಲ್ಲ. ನಾನೇ ಹೋದೆ. ಎರಡು ಸೂಕ್ಷ್ಮದರ್ಶಕ ಅಕ್ಕಪಕ್ಕ ಇಟ್ಟಿದ್ದರು. ಒಂದರಲ್ಲಿ ಸುವರ್ಣಾಳದ್ದು, ಇನ್ನೊಂದರಲ್ಲಿ ಏಳನೆಯ ಮೊಲದ್ದು. ಎರಡನ್ನೂ ನೋಡಿದೆ. ಯಾವುದು ಯಾರದ್ದೆಂದು ಹೇಳಲು ಮೂಲೆಯಲ್ಲಿ ಗೀರಿದ ಅಂಕಿ ನೋಡಬೇಕಾಯಿತು.

"ನಾ ಕಾಗದ ಬರೀತೀನಿ" ಎಂದರು. "ನೀವು ಬರದ್ರ ಚೊಲೊ. ಬರೀಲಿಲ್ಲಂದ್ರ ನಾ ಬರೀತೀನಿ."

ನಾನು ಬರೆಯಲಿಲ್ಲ. ಅವರ ಕಾಗದ ಕಾಲೇಜಿನ ನೀತಿ ಸಮಿತಿಗೆ ಹೋಯಿತು. ಒಂದೇ ಪುಟ, ತಪ್ಪು ತಪ್ಪು ಇಂಗ್ಲಿಷು, ಕೆಳಗೆ ಪೂರ್ತಿ ಹೆಸರು. ಅವರ ನಿವೃತ್ತಿಗೆ ಐದು ತಿಂಗಳಿತ್ತು.

ಸಮಿತಿ ಎಲ್ಲರನ್ನೂ ಕೂರಿಸಿ ಕೇಳಿತು. ಮುಖ್ಯಸ್ಥೆಯ ವಾದ ಸರಳವಾಗಿತ್ತು. ಆರನೆಯ ಮೊಲದ ದವಡೆ ಕೊರೆಯುವಾಗಲೇ ಮುರಿದಿತ್ತು, ಅದಕ್ಕೆ ಕೋಶ ತುಂಬಿರಲೇ ಇಲ್ಲ. ಮುರಿದ ಎಲುಬು ಕೂಡುವಾಗ ಸುತ್ತಲೂ ಹೆಚ್ಚಿಗೆ ಬೆಳೆಯುವುದು ಸಾಮಾನ್ಯ. ಈ ಸ್ಲೈಡು ಆರನೆಯದ್ದೇ ಇರಬೇಕು, ಟೆಕ್ನಿಷಿಯನ್ ಆರನ್ನು ಏಳೆಂದು ಹಿಡಿದು ಅದಲುಬದಲು ಮಾಡಿದ್ದಾರೆ. ಮೂಲ ಮೇಣದ ತುಂಡುಗಳನ್ನು ಪ್ರಯೋಗ ಮುಗಿದ ಮೇಲೆ ಎಸೆದಾಗಿತ್ತು. ಉಳಿದದ್ದು ಗಾಜಿನ ಮೂಲೆಯ ಆ ಒಂದು ಗೀರು.

೬ ಮತ್ತು ೭. ರೂಢಿಯಿಲ್ಲದ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ತೆಲುಗಿನ ಹಳೆಯ ಅಂಕಿಗಳೂ ಹೆಚ್ಚುಕಡಿಮೆ ಹೀಗೆಯೇ ಇದ್ದರೂ ಅಲ್ಲಿದ್ದ ಯಾರೂ ಅವನ್ನು ಬಳಸಿದವರಲ್ಲ. ಸ್ಲೈಡು ಕೈಯಿಂದ ಕೈಗೆ ಹೋಯಿತು. ಒಬ್ಬೊಬ್ಬರೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆ ಕೋಣೆಯಲ್ಲಿ ಅದನ್ನು ಓದಬಲ್ಲವರು ಇಬ್ಬರೇ.

ಅಧ್ಯಕ್ಷರು ಸ್ಲೈಡನ್ನು ನನ್ನ ಕಡೆ ಚಾಚಿದರು. "ನಿಮಗೆ ಕನ್ನಡ ಬರುತ್ತದಲ್ಲ. ಇದು ಆರು ಇರಬಹುದೇ?"

ಅದು ಏಳು. ಅಚ್ಚು ಹೊಡೆದಂಥ ಏಳು. ಗೀರಿದ ಕೈ ಎರಡು ಕುರ್ಚಿಗಳಾಚೆ ಮಂಡಿಯ ಮೇಲೆ ಸುಮ್ಮನೆ ಇತ್ತು. ನನ್ನ ಪದವಿ ಮುಗಿಯಲು ಒಂದು ಸಹಿ ಬಾಕಿ ಇತ್ತು. ಆ ಸಹಿ ಹಾಕಬೇಕಾದವರು ಎದುರಿಗೆ ಕುಳಿತಿದ್ದರು.

"ಇರಬಹುದು" ಎಂದೆ.

ಹೊರಗೆ ಬಂದ ಮೇಲೆ ನಾನು ಕಾಕಾ ಹಿಂದೆ ಹೋಗಿ ಏನೋ ಹೇಳಲು ಬಾಯಿ ತೆರೆದೆ. "ನಡೀರಿ ಮೇಡಂ" ಎಂದು ದಾರಿ ಬಿಟ್ಟು ಗೋಡೆಯ ಕಡೆ ಸರಿದು ನಿಂತರು. ಆಮೇಲೆ ಅವರ ಬಾಯಲ್ಲಿ ನಾನು ಮತ್ತೆಂದೂ ತಂಗಿಯಾಗಲಿಲ್ಲ.

ಕಾರಣ ಖಚಿತವಾಗಿ ಹೇಳಲಾಗದು ಎಂದು ಸಮಿತಿ ಬರೆಯಿತು. ಮುನ್ನೆಚ್ಚರಿಕೆಗಾಗಿ ಹೊಸಬರನ್ನು ಸೇರಿಸಿಕೊಳ್ಳುವುದು ಬೇಡ ಎಂದಿತು. ಅಷ್ಟರಲ್ಲಿ ಐದೂ ಜನಕ್ಕೆ ಆಗಿಹೋಗಿತ್ತು. ಸುವರ್ಣಾಳನ್ನು ಬಿಟ್ಟು ಉಳಿದ ನಾಲ್ವರಿಗೆ ಹೋದ ಕಾಗದದಲ್ಲಿ ಆಡಳಿತಾತ್ಮಕ ಕಾರಣಗಳಿಂದ ತಪಾಸಣೆ ನಿಲ್ಲಿಸಲಾಗಿದೆ ಎಂದಿತ್ತು. ಆ ಕಾಗದವನ್ನು ಟೈಪ್ ಮಾಡಿದವಳು ನಾನು. ಕಾಕಾ ಸ್ಲೈಡುಗಳ ವಿಷಯದಲ್ಲಿ ಅಜಾಗರೂಕತೆ ತೋರಿದರೆಂದು ಅವರ ಕಡತದಲ್ಲಿ ಒಂದು ಸಾಲು ಸೇರಿತು. ಅವರ ಬೀಳ್ಕೊಡುಗೆಯ ದಿನ ಮುಖ್ಯಸ್ಥೆ ಬರಲಿಲ್ಲ. ನಾನು ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆ. ಅವರು ಶಾಲು ಹೊದ್ದುಕೊಂಡು, "ಎಲ್ಲರಿಗೂ ಸಲಾಂ" ಎಂದಷ್ಟೇ ಹೇಳಿ ಇಳಿದರು.

ಒಂದು ವರ್ಷದ ನಂತರ ಮಲ್ಕಾಜ್‌ಗಿರಿಯ ಅವರ ಮನೆಗೆ ಹೋದೆ. ನನಗೆ ಪದವಿ ಬಂದಿತ್ತು, ಬೇರೊಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡಿದ್ದೆ. ಮನೆ ಸ್ಟೇಷನ್ನಿಗೆ ಎಷ್ಟು ಹತ್ತಿರವೆಂದರೆ, ಗಾಡಿ ಹೋಗುವಾಗ ಅವರು ಮಾತು ನಿಲ್ಲಿಸಿ, ಹೋದ ಮೇಲೆ ನಿಲ್ಲಿಸಿದ ಜಾಗದಿಂದಲೇ ಮುಂದುವರಿಸುತ್ತಿದ್ದರು. ನಾನು ಮಾತು ಶುರುಮಾಡಿದ ಕೂಡಲೇ ಕೈ ಎತ್ತಿ ತಡೆದರು.

"ಇರಬಹುದು ಅಂದ್ರಿ. ಅದು ನಿಮ್ಮದು, ನೀವ ನೋಡ್ಕೋರಿ. ನಂದು ಬ್ಯಾರೆ ಐತಿ."

"ನಿಮ್ಮದೇನೂ ತಪ್ಪಿಲ್ಲ ಕಾಕಾ."

"ಐತಿ. ಆ ಹುಡುಗಿ ಬಾಜೂಕ ಕುಂತಿದ್ದೆ ನಾ. ಆಕಿ ಕೇಳಿದ್ದು ಕನ್ನಡದಾಗ. ನನಗೂ ಬಾಯಿ ಇತ್ತು. ಪೆನ್ ಇಟ್ಟು ಎದ್ದು ಬಂದೆ, ದೊಡ್ಡ ಕೆಲಸ ಮಾಡಿದವರಗತೆ. ಆಕಿಗೆ ಏನ್ ತಿಳೀತು ಅದರಿಂದ? ಮುದುಕ ಸಿಟ್ಟಿನವಾ ಅಂತ ತಿಳೀತು, ಅಷ್ಟ." ಒಂದು ಗಾಡಿ ಬಂತು. ಅದು ಪೂರ್ತಿ ಹೋಗುವ ತನಕ ಕಾದರು. "ಕುಂತು ಹೇಳಬೇಕಿತ್ತು, ಯವ್ವಾ ಒಂದು ಮೊಲ ಸತ್ತೈತಿ ಅಂತ. ಹೇಳಲಿಲ್ಲ."

ಚಹಾ ಬಂತು. ಕುಡಿದು ಎದ್ದೆ. ಮತ್ತೆ ಹೋಗಲು ಧೈರ್ಯವಾಗಲಿಲ್ಲ.

ಎರಡು ತಿಂಗಳ ಹಿಂದೆ ಅವರು ತೀರಿಕೊಂಡರು. ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಸುದ್ದಿ ಕೇಳಿ ಹೋದೆ. ಅವರ ಹೆಂಡತಿಯನ್ನು ನಾನು ಕಾಕು ಎಂದು ಕರೆಯುತ್ತಿದ್ದೆ. ಜನ ಕರಗಿದ ಮೇಲೆ ಕಾಕು ನನ್ನನ್ನು ಒಳಗೆ ಕರೆದರು.

"ತಿಂಗಳಾ ಮೊದಲ್ನೇ ಐತವಾರ ನಾಚಾರಂಗ ಹೋಗ್ತಿದ್ರು, ಬಸ್ಸಿನಾಗ. ಸುವರ್ಣಾ ಅಂತ ಯಾವಾಕಿನೋ ಅದಾಳಂತ. ಯಾಕ ಅಂತ ಕೇಳಿದ್ರ ಹೇಳತಿರಲಿಲ್ಲ. ಇನ್ನ ಬರೂದಿಲ್ಲ ಅಂತ ಆಕಿಗೆ ತಿಳಸಬೇಕಲ್ಲವ. ನಿನಗ ಮನಿ ಗೊತ್ತೈತೇನು?"

ಮನೆ ನನಗೆ ಗೊತ್ತಿತ್ತು. ಹಳೆಯ ಕಾಗದಗಳಲ್ಲಿ ಐದೂ ವಿಳಾಸಗಳಿದ್ದವು.

ಕಾರ್ಖಾನೆಗಳ ಸಾಲು ದಾಟಿ ಒಳರಸ್ತೆಯಲ್ಲಿ ಒಂದು ಕೋಣೆಯ ಮನೆ. ಸುವರ್ಣಾಳೇ ಬಾಗಿಲು ತೆಗೆದಳು. ಎಡಗೆನ್ನೆ ಒಳಕ್ಕೆ ಹೋಗಿತ್ತು. ನನ್ನ ಗುರುತು ತಕ್ಷಣ ಸಿಕ್ಕಿತು, ಆದರೂ ಮುಖದಲ್ಲಿ ಏನೂ ಬದಲಾಗಲಿಲ್ಲ. ಒಳಗೆ ಕರೆದು ಕೂರಿಸಿದಳು. ಕಾಕಾ ಹೋದ ಸುದ್ದಿ ಹೇಳಿದೆ. ಅವಳು ಗೋಡೆಗೆ ಒರಗಿ ಕುಳಿತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತಳೋ ಇಲ್ಲವೋ ತಿಳಿಯಲಿಲ್ಲ. ಮಾತಾಡಿದ್ದು ಹಲ್ಲುಗಳ ಸಂದಿನಿಂದ, ನಿಧಾನವಾಗಿ.

"ಬಂದಾಗೊಮ್ಮೆ ಬೆರಳು ಇಟ್ಟು ನೋಡ್ತಿದ್ರು. ಕೆತ್ತಿ ತೆಗೆದ ಮ್ಯಾಲ ಎರಡಕ್ಕ ನಿಂತೇತ್ರಿ, ಮುಂದ ಹೋಗಿಲ್ಲ, ಹಿಂದ ಬಂದಿಲ್ಲ. ಮೊದಲ್ನೇ ಸಲ ಬಂದಾಗ ನನ್ನ ಕಾಲಿಗೆ ಬಿದ್ರು. ನಮ್ಮಪ್ಪನ ವಾರಿಗಿ ಮನಿಷಾ. ಒಂದು ಮೊಲಕ್ಕ ಹಿಂಗ ಆಗಿತ್ತವಾ, ನಾನ ಹೇಳದ ಮುಚ್ಚಿಟ್ಟೆ ಅಂದ್ರು."

ನನಗೆ ಕೂರಲಾಗಲಿಲ್ಲ. "ಅವರಲ್ಲ" ಎಂದೆ. "ಅವರು ಬರಿ ಅಂತ ಹೇಳಿದ್ರು. ಬರೀದ ಇದ್ದಾಕಿ ನಾನು. ಅವತ್ತು ನಿಮ್ಮ ಮುಂದ ಸುಳ್ಳು ಹೇಳಿದಾಕೀನೂ ನಾನ."

"ಗೊತ್ತೈತ್ರಿ" ಎಂದಳು ಸುವರ್ಣಾ. "ನಾ ಕೇಳಿದ್ದು ನಿಮ್ಮನ್ನ. ಏನೂ ಆಗಿಲ್ಲ ಅಂದಾಕಿ ನೀವು. ಅವರು ಹೇಳಿದ್ದನ್ನ ನಾ ಒಂದಿನಾನೂ ನಂಬಿಲ್ಲ. ಆದ್ರ ಹಂಗ ಹೇಳಾಕ ಅಂತನ ಅಷ್ಟು ದೂರ ಬರ್ತಿದ್ರಲ್ಲ, ಸುಮ್ಮನ ಕೇಳ್ತಿದ್ದೆ."

ಹೊರಗೆ ಯಾವುದೋ ಕಾರ್ಖಾನೆಯ ಪಾಳಿ ಬದಲಾಗುವ ಸೈರನ್ ಕೂಗಿತು. ಅವಳು ನನ್ನನ್ನೇ ನೋಡುತ್ತಿದ್ದಳು. ಬೈಗುಳ ಬರಲಿ, ಅಳು ಬರಲಿ, ಏನಾದರೂ ಬರಲಿ ಎಂದು ಕಾದು ಕುಳಿತೆ. ಬರಲಿಲ್ಲ.

"ನನ್ನಂಗ ಹಾಕಿಸ್ಕೊಂಡವರು ಇನ್ನೂ ಮಂದಿ ಇದ್ರಲ್ರಿ. ಎಷ್ಟು ಮಂದಿ?"

"ನಾಕು."

"ಅವರಿಗೆ ಹೇಳೀರೇನು?"

"ಇಲ್ಲ."

"ಅವರ ಬಾಯಿ ಎಷ್ಟು ತೆಗೀತೈತಿ ಅಂತ ಯಾರರ ನೋಡ್ಯಾರೇನು?"

ನಾನು ಇಲ್ಲವೆಂದು ತಲೆಯಾಡಿಸಿದೆ. ತಪಾಸಣೆ ನಿಂತು ನಾಲ್ಕು ವರ್ಷವಾಗಿತ್ತು.

ಸುವರ್ಣಾ ಎದ್ದು ಹೋಗಿ ಬಾಗಿಲು ತೆರೆದು ಹಿಡಿದಳು.

"ಮತ್ತ ಇಲ್ಲಿ ಯಾಕ ಕುಂತೀರಿ?" ಎಂದಳು.